ಶಿರಸಿಯಿಂದ ಎಂಟು ಬೈಕ್: ಒಂದೇ ದಿನದಲ್ಲಿ ಕಾರವಾರ ಮುಟ್ಟಿ ಬರಬಹುದಾ?

ಸ್ಪ್ಲೆಂಡರ್ ಸವಾರ, ಶಿರಸಿ

ಬರುವ ಭಾನುವಾರ ನಾವು ಗೆಳೆಯರು ಎಂಟು ಬೈಕಿನಲ್ಲಿ ಹೊರಡುವ ಅಂದಾಜು ಇದೆ. ಎರಡು ಬುಲೆಟ್, ಒಂದು ಡ್ಯೂಕ್, ಉಳಿದವು ಪಲ್ಸರ್, ಸ್ಪ್ಲೆಂಡರ್, ಕೊನೆಗೊಂದು ಆಕ್ಟಿವಾ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಮಿರ್ಜಾನ್ ಕೋಟೆ, ಗೋಕರ್ಣ, ಅಂಕೋಲಾ, ಕಾರವಾರ, ರಾತ್ರಿ ವಾಪಸ್. ಮಾರ್ಚ್ ತಿಂಗಳು, ಮಳೆ ಇಲ್ಲ, ಒಳ್ಳೆ ಬಿಸಿಲು, ಆರಾಮ ಅಂತ ಎಲ್ಲರ ಮಾತು. ನನ್ನ ತಲೆಬಿಸಿ ಬೇರೆ. ಡ್ಯೂಕಿನವನು ಮುಂದೆ ಹೋದರೆ ಮಾಯ, ಆಕ್ಟಿವಾದವಳು ಹಿಂದೆ ಎಲ್ಲೋ, ಘಟ್ಟದಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆ? ಬಿಸಿಲಿಗೆ ಏನಾದರೂ ತಯಾರಿ ಬೇಕಾ?

ಕುಮಟಾದವ

ಕಾರವಾರ ಬಿಡಿ ಮಾರಾಯ್ರೆ. ಶಿರಸಿಯಿಂದ ಕುಮಟಾ ಸುಮಾರು 60 ಕಿ.ಮೀ., ಅಲ್ಲಿಂದ ಕಾರವಾರ ಇನ್ನೊಂದು 70. ಹೋಗಿ ಬರುವುದೇ 260 ಆಯಿತು, ಅದರ ಮೇಲೆ ಗೋಕರ್ಣದ ಒಳದಾರಿ, ಎಂಟು ಜನರ ಚಹಾ, ಎಂಟು ಜನರ ಸೆಲ್ಫಿ. ಒಬ್ಬರೇ ಹೋಗುವ ಲೆಕ್ಕ ಗುಂಪಿಗೆ ಹಿಡಿಯಬಾರದು. ಕತ್ತಲಾದ ಮೇಲೆ ಸುಸ್ತಾಗಿ ಘಟ್ಟ ಹತ್ತುವುದು ಬೇಡವೇ ಬೇಡ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಬರೋಣ ಅಂತ ಯಾರಾದರೂ ಹೇಳುತ್ತಾರೆ. ಅಲ್ಲಿ ಲಾರಿಗಳ ಸಾಲು, ಎಂಟು ಬೈಕ್ ಒಟ್ಟಿಗೆ ಓವರ್‌ಟೇಕ್ ಮಾಡಲು ಆಗುವುದಿಲ್ಲ, ಗುಂಪು ಚೂರಾಗುವುದು ಅಲ್ಲೇ.

ಬದಲಿಗೆ ಹೀಗೆ ಮಾಡಿ. ಬೆಳಿಗ್ಗೆ ಆರಕ್ಕೆ ಶಿರಸಿ ಬಿಟ್ಟು ಕುಮಟಾದಲ್ಲಿ ತಿಂಡಿ. ಬಿಸಿಲು ಏರುವ ಮೊದಲೇ ಮಿರ್ಜಾನ್ ಕೋಟೆ ನೋಡಿ ಮುಗಿಸಿ. ಚೆನ್ನಭೈರಾದೇವಿಯ ಕೋಟೆ, ಮಳೆಗಾಲದಲ್ಲಿ ಪಾಚಿ ಕಟ್ಟಿ ಹಸಿರಾಗಿರುತ್ತದೆ, ಈಗ ಬರೀ ಕೆಂಪು ಚಿರೇಕಲ್ಲು, ಮಧ್ಯಾಹ್ನ ಹೋದರೆ ನೆಲವೂ ಸುಡುತ್ತದೆ ಗೋಡೆಯೂ ಸುಡುತ್ತದೆ. ಆಮೇಲೆ ಗೋಕರ್ಣ. ವಾಪಸ್ ಬರುವಾಗ ಹೆದ್ದಾರಿಗೆ ಹೋಗದೆ ತದಡಿಗೆ ಬನ್ನಿ, ಬೈಕ್ ಸಮೇತ ಬಾರ್ಜ್ ಹತ್ತಿ ಅಘನಾಶಿನಿ ದಾಟಿ ಆಚೆ ದಡದಿಂದ ಕುಮಟಾ. ಇಡೀ ದಿನದಲ್ಲಿ ನಿಮ್ಮ ಗೆಳೆಯರು ನೆನಪಿಟ್ಟುಕೊಳ್ಳುವುದು ಅದನ್ನೇ. ಹಾಂ, ದೇವಿಮನೆ ರಸ್ತೆ ಹೇಗಿದೆ ಅಂತ ಹಿಂದಿನ ದಿನ ಈ ಕಡೆಯವರಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ಬಾಲದ ಬೈಕ್

ಗುಂಪಿನ ವಿಷಯ ನಾನು ಹೇಳುತ್ತೇನೆ, ಯಾವಾಗಲೂ ಕೊನೆಯ ಬೈಕ್ ನನ್ನದೇ.

ಆಕ್ಟಿವಾವನ್ನು ಮುಂದಿನಿಂದ ಎರಡನೆಯದಾಗಿ ಇಡಿ. ವೇಗ ಅವಳದ್ದೇ, ಡ್ಯೂಕಿನವನದ್ದಲ್ಲ. ಅವನಿಗೆ ಸಿಟ್ಟು ಬರುತ್ತದೆ, ಬರಲಿ. ಎಲ್ಲಕ್ಕಿಂತ ಹಿಂದೆ ರಿಪೇರಿ ಗೊತ್ತಿರುವವನು ಒಬ್ಬ, ಪಂಕ್ಚರ್ ಕಿಟ್, ಗಾಳಿ ಪಂಪ್ ಅವನ ಹತ್ತಿರ. ಅವನು ಯಾರನ್ನೂ ಹಿಂದೆ ಹಾಕಬಾರದು. ನಿಮ್ಮ ಹಿಂದಿನವನು ಕನ್ನಡಿಯಲ್ಲಿ ಕಾಣದಿದ್ದರೆ ನೀವು ನಿಧಾನ ಮಾಡಿ, ನೀವು ಕಾಣದಿದ್ದರೆ ನಿಮ್ಮ ಮುಂದಿನವನು ನಿಧಾನ ಮಾಡುತ್ತಾನೆ, ಹೀಗೆ ಸುದ್ದಿ ಮುಂದಿನವನ ತನಕ ಹೋಗುತ್ತದೆ, ಫೋನ್ ಬೇಕಿಲ್ಲ. ರಸ್ತೆ ಕವಲೊಡೆಯುವಲ್ಲಿ ಹಿಂದಿನವನು ಕಾಣುವ ತನಕ ನಿಲ್ಲಿ. ನಿಲ್ಲುವ ಜಾಗಗಳನ್ನು ಮನೆಯಲ್ಲೇ ಗೊತ್ತು ಮಾಡಿಕೊಳ್ಳಿ: ದೇವಿಮನೆ ದೇವಸ್ಥಾನ, ಕುಮಟಾ ಬಸ್ ಸ್ಟ್ಯಾಂಡ್, ಹೀಗೆ.

ಹೆದ್ದಾರಿಯಲ್ಲಿ ಒಬ್ಬ ಎಡಕ್ಕೆ ಒಬ್ಬ ಬಲಕ್ಕೆ, ಮುಂದಿನವನು ದಾಟಿದ ಮೈಲಿಗಲ್ಲನ್ನು ನೀವು ದಾಟಲು ಎರಡು ಸೆಕೆಂಡ್ ಆದರೂ ಬೇಕು. ಘಟ್ಟದಲ್ಲಿ ಇದೆಲ್ಲ ಇಲ್ಲ, ಒಬ್ಬರ ಹಿಂದೆ ಒಬ್ಬರು.

ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡುವ ಮಹಾನುಭಾವರು ಇರುತ್ತಾರೆ, ಅವರನ್ನು ಮನೆಯಲ್ಲೇ ಬಿಟ್ಟು ಬನ್ನಿ. ಗೇರ್ ಬೈಕಿನವರು ಎರಡನೇ ಮೂರನೇ ಗೇರಿನಲ್ಲೇ ಇಳಿಯಿರಿ. ಆಕ್ಟಿವಾಕ್ಕೆ ಆ ಅನುಕೂಲ ಕಡಿಮೆ, ಪೂರಾ ಭಾರ ಬ್ರೇಕಿನ ಮೇಲೆ. ಲಿವರ್ ಒತ್ತಿಯೇ ಇಟ್ಟುಕೊಂಡು ಬಂದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಒತ್ತಿ, ಬಿಡಿ, ಒತ್ತಿ, ಬಿಡಿ. ನಡುವೆ ನಿಂತು ತಣಿಯಲು ಬಿಡಿ. ಅವಳಿಗೆ ನಾಚಿಕೆ ಆಗದ ಹಾಗೆ ಎಲ್ಲರೂ ನಿಲ್ಲಿ.

ಹಿಂದಿನ ಸೀಟಿನವಳು

ಬಿಸಿಲಿನ ಬಗ್ಗೆ ಇಬ್ಬರೂ ಸರಿಯಾಗಿ ಹೇಳಲಿಲ್ಲ ಅಲ್ವಾ? ಶಿರಸಿಯವರಿಗೆ ಕರಾವಳಿಯ ಸೆಖೆ ಗೊತ್ತಾಗುವುದು ಬೈಕ್ ನಿಲ್ಲಿಸಿದ ಮೇಲೆ. ಓಡುವಾಗ ಗಾಳಿಗೆ ಬೆವರು ಆರುತ್ತದೆ, ಬಾಯಾರಿಕೆಯೇ ಗೊತ್ತಾಗುವುದಿಲ್ಲ, ಹೆಲ್ಮೆಟ್ ತೆಗೆದರೆ ತಲೆಸುತ್ತು. ಬಾಯಾರದಿದ್ದರೂ ಪ್ರತಿ ಸ್ಟಾಪಿನಲ್ಲಿ ನೀರು ಕುಡಿಯಿರಿ. ಮುರುಗಲು ಪಾನಕ ಸಿಕ್ಕರೆ ಅದು, ಇಲ್ಲದಿದ್ದರೆ ಎಳನೀರು. ತಣ್ಣಗಿನ ಬಿಯರ್ ಎಂಬ ಸಲಹೆ ಯಾರಾದರೂ ಕೊಟ್ಟರೆ ಬೀಗದ ಕೈ ಕಸಿದುಕೊಳ್ಳಿ. ಬರೀ ಟೀ ಶರ್ಟಿನಲ್ಲಿ ಬರಬೇಡಿ, ತೋಳು ಮುಚ್ಚುವ ಹತ್ತಿ ಅಂಗಿ ಹಾಕಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು, ಅದನ್ನು ಬೇರೆ ಹೇಳಬೇಕಾ!

ಇನ್ನೊಂದು. ಬೆಳಿಗ್ಗೆ ಪಶ್ಚಿಮಕ್ಕೆ ಹೋಗುತ್ತೀರಿ, ಸೂರ್ಯ ಬೆನ್ನಿಗೆ. ಸಂಜೆ ಪೂರ್ವಕ್ಕೆ ಬರುತ್ತೀರಿ, ಆಗಲೂ ಬೆನ್ನಿಗೇ. ನಿಮಗೆ ಸುಖ. ಆದರೆ ಎದುರಿನಿಂದ ಬರುವ ಡ್ರೈವರನ ಕಣ್ಣಿಗೆ ನೇರ ಬಿಸಿಲು, ನೀವು ಅವನಿಗೆ ಕಾಣುವುದಿಲ್ಲ. ಹಳೇ ಬೈಕುಗಳಿಗೆ ಹೆಡ್‌ಲೈಟ್ ನೀವೇ ಹಾಕಬೇಕು, 2017ರ ಏಪ್ರಿಲ್ ನಂತರದವುಗಳಲ್ಲಿ ಅದು ತಾನಾಗೇ ಉರಿಯುತ್ತದೆ. ಕಪ್ಪು ವೈಸರ್ ಘಟ್ಟಕ್ಕೆ ಬೇಡ. ಬಿಸಿಲಿನಿಂದ ಮರದ ನೆರಳಿಗೆ ನುಗ್ಗಿದ ಕೂಡಲೇ ಕಣ್ಣು ಕತ್ತಲೆ, ಹೊಂಡ ಇರುವುದೂ ಅಲ್ಲೇ.

ಕುಮಟಾ ಹತ್ತಿರ ಹೆದ್ದಾರಿ ಬದಿ ಸಿಹಿ ಈರುಳ್ಳಿ ಜಡೆ ಹೆಣೆದು ನೇತು ಹಾಕಿರುತ್ತಾರೆ. ವಾಪಸ್ ಬರುವಾಗ ತೆಗೆದುಕೊಳ್ಳಿ, ಹೋಗುವಾಗಲೇ ಕಟ್ಟಿಕೊಂಡರೆ ದಿನವಿಡೀ ಬಿಸಿಲಿನಲ್ಲಿ ಬೇಯುತ್ತದೆ.

ಸ್ಪ್ಲೆಂಡರ್ ಸವಾರ, ಶಿರಸಿ

ಆಯ್ತು, ಕಾರವಾರ ರದ್ದು. ಒಬ್ಬ ಆಗಲೇ ಮುನಿಸಿಕೊಂಡಿದ್ದಾನೆ, ಅವನಿಗೆ ಟ್ಯಾಗೋರ್ ಬೀಚಿನ ಯುದ್ಧನೌಕೆ ನೋಡಬೇಕಿತ್ತಂತೆ. ತದಡಿಯ ಬಾರ್ಜ್ ಸಂಜೆ ಎಷ್ಟು ಹೊತ್ತಿನ ತನಕ ಇರುತ್ತದೆ?

ಕುಮಟಾದವ

ಗೋಕರ್ಣಕ್ಕೆ ಹೋದ ಕೂಡಲೇ ಅಲ್ಲಿಯವರನ್ನು ವಿಚಾರಿಸಿ, ಕೊನೆಯ ಟ್ರಿಪ್ ನಂಬಿಕೊಂಡು ಕೂರಬೇಡಿ. ಎಂಟೂ ಬೈಕ್ ಒಂದೇ ಸಲಕ್ಕೆ ಹಿಡಿಯದಿದ್ದರೆ ಆಕ್ಟಿವಾ ಮೊದಲು ದಾಟಲಿ. ಯುದ್ಧನೌಕೆಯವನನ್ನು ಡಿಸೆಂಬರಿನಲ್ಲಿ ಕರೆದುಕೊಂಡು ಹೋಗಿ, ಒಂದು ರಾತ್ರಿ ಅಲ್ಲೇ ಉಳಿಯುವ ಹಾಗೆ.