ಕಾರ್ನೆಲ್ ಐಸ್ ಹಾಕಿ ಮ್ಯಾಚಲ್ಲಿ ಮೀನು ಎಸೀತಾರಲ್ಲ, ಯಾಕೆ? ಆ ಟೀಮಿನ ಕತೆ ಗೊತ್ತಿದ್ದೋರು ಹೇಳಿ

ಕಾಳಿದಂಡೆ (ಕಾರವಾರ):
ನಮ್ಮಕ್ಕನ ಮಗ ಈ ವರ್ಷ ಅಮೆರಿಕದ ಇಥಾಕಾಕ್ಕೆ ಓದೋಕೆ ಹೋಗಿದಾನೆ, ಕಾರ್ನೆಲ್ ಯೂನಿವರ್ಸಿಟಿ. ಅಲ್ಲಿಯ ಹುಡುಗರ ಐಸ್ ಹಾಕಿ ಟೀಮಿನ ಒಂದು ವಿಡಿಯೋ ಕಳಿಸಿದ್ದ, ಎದುರಾಳಿ ಹಾರ್ವರ್ಡ್ ಟೀಮ್ ಐಸ್ ಮೇಲೆ ಇಳಿದ ಕೂಡ್ಲೆ ಗ್ಯಾಲರಿಯಿಂದ ಮೀನು ಬೀಳ್ತಾ ಇದೆ, ಇಡೀ ಇಡೀ ಮೀನು. ಅಮ್ಮ ನೋಡಿ ತುಂಬಾ ಬೇಜಾರು ಮಾಡ್ಕೊಂಡ್ಳು. ಅವಳು ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು, ಜೂನ್ ಜುಲೈಲಿ ಬೋಟ್ ಬಂದ್ ಆದಾಗ ಒಂದು ಪಾಲು ಬಂಗಡೆಗೆ ಎಷ್ಟು ಒದ್ದಾಟ ಅಂತ ಗೊತ್ತಿರೋಳು, ತಿನ್ನೋ ಮೀನು ಹೀಗೆ ಎಸೀತಾರಾ ಅಂತ ಊಟ ಮುಗಿಯೋವರೆಗೂ ಅದೇ ಮಾತು. ಇದು ಎಲ್ಲಿಂದ ಶುರುವಾಯ್ತು?

ತೋಟದಮನೆ (ಶಿರಸಿ):
ನಾನು ಇಥಾಕಾದಲ್ಲಿ ಎರಡು ವರ್ಷ ಇದ್ದೆ, ಆ ಗ್ಯಾಲರೀಲಿ ನಿಂತು ಗಂಟಲು ಹರ್ಕೊಂಡವನೇ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೀನಿನ ವಿಷಯ ಮೊದಲು. 1973ರಲ್ಲಿ ಹಾರ್ವರ್ಡ್ ಕಡೆಯವರು ಕಾರ್ನೆಲ್ ಗೋಲ್‌ಕೀಪರ್ ಕಡೆ ಒಂದು ಸತ್ತ ಕೋಳಿ ಎಸೆದರಂತೆ, ಕಾರ್ನೆಲ್ಲಲ್ಲಿ ಕೃಷಿ ಕಾಲೇಜು ಇದೆಯಲ್ಲ, ನೀವು ಕೋಳಿ ಸಾಕೋರು ಅಂತ ಅಣಕ. ಅದಕ್ಕೆ ಇವರ ಉತ್ತರ ಮೀನು, ಯಾಕಂದ್ರೆ ಹಾರ್ವರ್ಡ್ ಇರೋದು ಬಾಸ್ಟನ್ ಪಕ್ಕ, ಬಾಸ್ಟನ್ ಹಳೇ ಮೀನುಗಾರಿಕೆ ಬಂದರು. ನಿಮ್ಮ ಅಮ್ಮನಿಗೆ ಬೇಜಾರಾಗಿದ್ದು ಸರಿಯೇ. ಒಬ್ಬರ ಬೇಸಾಯ, ಇನ್ನೊಬ್ಬರ ಮೀನುಗಾರಿಕೆ, ಎರಡೂ ಬೈಗುಳ ಆಗೋ ಕೆಲಸಾನೇ ಅಲ್ಲ. ನಾನು ಅಡಿಕೆ ತೋಟದ ಮನೆಯವನು, ನನಗೂ ಅದು ಯಾವತ್ತೂ ಹಿಡಿಸ್ಲಿಲ್ಲ.

ಆದ್ರೆ ಟೀಮಿನ ಕತೆ ಮೀನಿಗಿಂತ ದೊಡ್ಡದು. ಮೊದಲೆಲ್ಲ ಅವರು ಆಡ್ತಿದ್ದಿದ್ದು ಕ್ಯಾಂಪಸ್ಸಿನ ಬೀಬಿ ಕೆರೆ ಮೇಲೆ, ಚಳಿಗೆ ಕೆರೆ ಗಟ್ಟಿಯಾದ್ರೆ ಮ್ಯಾಚು, ಬಿಸಿಲು ಬಂದ್ರೆ ಮ್ಯಾಚ್ ಇಲ್ಲ, ನಮ್ಮಲ್ಲಿ ಮಳೆ ನಂಬಿ ಗದ್ದೆಗೆ ಇಳಿದ ಹಾಗೆ. ಐಸ್ ಕೈಕೊಟ್ಟು ಕೊಟ್ಟು 1948ಕ್ಕೆ ಟೀಮೇ ನಿಂತುಹೋಯ್ತು. 1957ರಲ್ಲಿ ಲೈನಾ ರಿಂಕ್ ಅಂತ ಒಳಾಂಗಣ ಕಟ್ಟಿದ ಮೇಲೇ ಮತ್ತೆ ಶುರು. 1963ಕ್ಕೆ ನೆಡ್ ಹಾರ್ಕ್‌ನೆಸ್ ಕೋಚ್ ಆಗಿ ಬಂದ್ರು, ನಾಲ್ಕೇ ವರ್ಷಕ್ಕೆ, 1967ರಲ್ಲಿ, ಫೈನಲ್ಲಲ್ಲಿ ಬಾಸ್ಟನ್ ಯೂನಿವರ್ಸಿಟಿನ 4-1ರಲ್ಲಿ ಸೋಲಿಸಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್. ಆಗ ಗೋಲಲ್ಲಿ ಇದ್ದಿದ್ದು ಕೆನ್ ಡ್ರೈಡನ್, ಕಾರ್ನೆಲ್ಲಲ್ಲಿ ಅವರ ಲೆಕ್ಕ 76 ಗೆಲುವು, 4 ಸೋಲು, 1 ಡ್ರಾ. ಆಮೇಲೆ ಮಾಂಟ್ರಿಯಲ್ ಟೀಮಿಗೆ ಆಡಿ ಆರು ಸಲ ಸ್ಟ್ಯಾನ್ಲಿ ಕಪ್, ಅಂದ್ರೆ ಅಲ್ಲಿಯ ವೃತ್ತಿಪರ ಐಸ್ ಹಾಕಿಯ ದೊಡ್ಡ ಕಪ್, ಗೆದ್ರು.

ಡ್ರೈಡನ್ ಹೋದ ವರ್ಷ ಟೀಮ್ ಕುಸೀಬೇಕಿತ್ತು ಅಲ್ವಾ, ಆಗಿದ್ದೇ ಬೇರೆ. 1969-70ರ ಸೀಸನ್ನಲ್ಲಿ 29 ಮ್ಯಾಚು, 29 ಗೆಲುವು! ಡ್ರಾ ಸಹ ಇಲ್ಲ. ಫೈನಲ್ಲಲ್ಲಿ ಕ್ಲಾರ್ಕ್‌ಸನ್ ವಿರುದ್ಧ 6-4, ಕೊನೇ ಪೀರಿಯಡ್ಡಲ್ಲಿ ಡ್ಯಾನ್ ಲೊಡ್ಬೋವಾ ಅನ್ನೋ ಡಿಫೆನ್ಸ್ ಆಟಗಾರ ಮೂರು ಗೋಲು ಹೊಡೆದ. ಒಂದೂ ಸೋಲಿಲ್ಲದೆ ಒಂದೂ ಡ್ರಾ ಇಲ್ಲದೆ ಅಮೆರಿಕದ ಕಾಲೇಜು ಹಾಕಿಯ ಮೇಲ್ಮಟ್ಟದಲ್ಲಿ ಚಾಂಪಿಯನ್ ಆದ ಟೀಮು ಇವತ್ತಿಗೂ ಅದೊಂದೇ. ನನಗೆ ಇದನ್ನ ಹೇಳುವಾಗ ಈಗಲೂ ಮೈ ಜುಮ್ ಅನ್ನತ್ತೆ.

ಅಂಕೋಲೆ_ಗಾಳಿ:
ಕೆರೆ ಮೇಲಿನ ಐಸ್ ಹಾಕಿ ನಾನು ಲೇಹದಲ್ಲಿ ಕಣ್ಣಾರೆ ನೋಡಿದ್ದೆ, ಕರ್ಜೂ ಕೆರೆ. ಮಕ್ಕಳು ಬೆಳಿಗ್ಗೆ ಬೆಳಿಗ್ಗೆ ಬಂದು ಆಡ್ತಾರೆ, ಬಿಸಿಲೇರಿದ್ರೆ ಮೇಲ್ಪದರ ಮೆತ್ತಗಾಗತ್ತೆ ಅಂತ. ಐಸಿಗೆ ಕಾಯೋದು ಅಂದ್ರೇನು ಅಂತ ಆವಾಗ ಗೊತ್ತಾಯ್ತು. ಮೀನು ಬಿದ್ದಾಗ ಆಟಗಾರರಿಗೆ ಕಾಲು ಜಾರಲ್ವಾ?

ತೋಟದಮನೆ (ಶಿರಸಿ):
ಆಟ ಶುರುವಾಗೋ ಮೊದಲೇ ಎಸೀತಾರೆ, ಆಮೇಲೆ ಎತ್ತಿ ಕ್ಲೀನ್ ಮಾಡ್ತಾರೆ. ಆಟ ನಡೀತಿದ್ದಾಗ ಎಸೆದ್ರೆ ಪೆನಾಲ್ಟಿ ಬೀಳೋದು ಸ್ವಂತ ಟೀಮಿಗೇ. ಅಲ್ಲಿ ನನಗೆ ಇಷ್ಟ ಆಗಿದ್ದು ಬೇರೆ ಒಂದು ಪದ್ಧತಿ, ಎದುರಾಳಿ ಆಟಗಾರರ ಹೆಸರು ಕೂಗೋವಾಗ ಗ್ಯಾಲರೀಲಿ ಎಲ್ಲರೂ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡ್ಕೊಂಡು ಓದ್ತಾ ನಿಲ್ತಾರೆ, ನಿಮ್ಮನ್ನ ನೋಡೋಕೆ ನಮಗೆ ಪುರುಸೊತ್ತಿಲ್ಲ ಅಂತ.

ಕಾಳಿದಂಡೆ (ಕಾರವಾರ):
ತುಂಬಾ ಥ್ಯಾಂಕ್ಸ್ ಮಾರಾಯ್ರೆ. ಅಮ್ಮನಿಗೆ ಎಲ್ಲಾ ಓದಿ ಹೇಳಿದೆ. ಒಂಬತ್ತು ವರ್ಷ ಟೀಮ್ ನಿಂತಿತ್ತು ಅಂದಿದ್ದಕ್ಕೆ ಅಯ್ಯೋ ಅಂದ್ಳು, 29ಕ್ಕೆ 29 ಅಂದಾಗ ಎರಡು ಸಲ ಕೇಳಿದ್ಳು. ರಾತ್ರಿ ಮೊಮ್ಮಗನಿಗೆ ಫೋನ್ ಮಾಡಿದ್ವಿ, ಹಾರ್ವರ್ಡ್ ಮ್ಯಾಚಿಗೆ ಹೋಗು, ಮೀನು ಮಾತ್ರ ಮುಟ್ಬೇಡ, ಪೇಪರ್ ಹಿಡ್ಕೊಂಡು ನಿಲ್ಲು ಅಂತ ಹೇಳಿದಾಳೆ.