ಎರಡು ಗಾಡಿಯ ಸಂವೇಗ ಕೂಡಿಸೋದು: ಗ್ರಾಫ್ ಹಾಳಿನೋ, ಘಟಕನೋ, ಸೂತ್ರನೋ? ಅನುಭವ ಇದ್ದವರು ಹೇಳ್ರಿ

ಪ್ರಶ್ನೆ, ಚಿತ್ತಾಪುರದಿಂದ
ಪಿಯು ಮೊದಲ ವರ್ಷದವರಿಗೆ ಟ್ಯೂಷನ್ ಹೇಳ್ತೀನ್ರಿ, ಬಹಳ ಮಂದಿ ಕನ್ನಡ ಮಾಧ್ಯಮದವರು. ಲೆಕ್ಕ ಹಿಂಗದ: ಕಲಬುರಗಿ ಜಗತ್ ಸರ್ಕಲ್‌ನಾಗ 600 ಕೆಜಿ ಆಟೊ ಪೂರ್ವಕ್ಕ 10 ಮೀ/ಸೆ ಹೊಂಟದ. 2000 ಕೆಜಿ ಟೆಂಪೊ ಉತ್ತರಕ್ಕ ಮುಖ ಮಾಡಿ, 30 ಡಿಗ್ರಿ ಪೂರ್ವಕ್ಕ ವಾಲಿ 4 ಮೀ/ಸೆ ಹೊಂಟದ. ಒಟ್ಟು ಸಂವೇಗ (ದ್ರವ್ಯರಾಶಿ × ವೇಗ, ದಿಕ್ಕೂ ಸೇರಿ) ಎಷ್ಟು? ಅರ್ಧ ಕ್ಲಾಸು 6000ಕ್ಕ 8000 ಕೂಡಿಸಿ 14000 ಬರೀತದ. ಯಾವ ದಾರಿ ಹಿಡೀಲಿ?

ಬೀದರ್
ಗ್ರಾಫ್ ಹಾಳಿನೇ. ಎರಡನೇ ಮಾತಿಲ್ಲ. 1 ಸೆಂಮೀಗೆ 1000 ಕೆಜಿ ಮೀ/ಸೆ ಅಳತಿ ಇಟ್ಕೊಳ್ರಿ. 2000 ಇಟ್ರ ಗೆರಿ ಅರ್ಧ ಆಗ್ತಾವ, ಪೆನ್ಸಿಲ್ 1 ಮಿಮೀ ಸರಿದ್ರೂ ಉತ್ತರದಾಗ 200 ಹೋಯ್ತು. ಪೆನ್ಸಿಲ್ 2ಎಚ್ ಇರ್ಲಿ, ಚೂಪಗಿರ್ಲಿ. ಪೂರ್ವಕ್ಕ 6 ಸೆಂಮೀ ಎಳೀರಿ, ಆ ಬಾಣದ ತುದಿಗೆ ಕೋನಮಾಪಕ ಇಟ್ಟು 60 ಡಿಗ್ರಿಗೆ (ಉತ್ತರದಿಂದ 30 ಅಂದ್ರ ಪೂರ್ವದಿಂದ 60) 8 ಸೆಂಮೀ. ಶುರುವಿನ ಚುಕ್ಕಿಯಿಂದ ಕಡೀ ಚುಕ್ಕಿಗೆ ಅಳದ್ರ 12.2 ಸೆಂಮೀ, ಪೂರ್ವದಿಂದ 35 ಡಿಗ್ರಿ.
ಹುಡುಗರು ಎಡವೋದು ಇಲ್ಲಿ: 10 ಸೆಂಮೀ, 4 ಸೆಂಮೀ ಎಳೀತಾರ. ಅಂದ್ರ ವೇಗ ಎಳದ್ರು, ದ್ರವ್ಯರಾಶಿ ಬಿಟ್ರು. ಇಲ್ಲಾ, ಎರಡೂ ಬಾಣ ಒಂದೇ ಚುಕ್ಕಿಯಿಂದ ಹೊಂಡಿಸಿ ತುದಿಗೆ ತುದಿ ಕೂಡಿಸ್ತಾರ. ಆಗ 7.2 ಸೆಂಮೀ ಬರ್ತದ. ಅದು ವ್ಯತ್ಯಾಸ, ಮೊತ್ತ ಅಲ್ಲ. ನಡುವಿನ ಕೋನ 90ಕ್ಕಿಂತ ಕಡಿಮಿ ಇದ್ದಾಗ ಮೊತ್ತ ದೊಡ್ಡ ಬಾಣಕ್ಕಿಂತ ಸಣ್ಣದಾಗೋದೇ ಇಲ್ಲ, ಇದನ್ನ ಬೋರ್ಡ್ ಮೇಲೆ ಬರದು ಹಾಕ್ರಿ.

ಸೇಡಂ
ಎರಡು ಗಾಡಿಗೆ ಹಾಳಿ ನಡೀತದ. ಐದು ವಸ್ತು ಕೊಟ್ರ ಒಂದೊಂದು ಗೆರಿಯ ತಪ್ಪೂ ಮುಂದಿನ ಗೆರಿಗೆ ಅಂಟ್ಕೊಂಡು ಹೋಗ್ತದ. ತ್ರಿಕೋನಮಿತಿ ಎಸ್ಸೆಸ್ಸೆಲ್ಸಿಯೊಳಗೇ ಆಗಿರ್ತದ, ಘಟಕದ (ಒಂದೊಂದು ದಿಕ್ಕಿನ ಪಾಲಿನ) ಕೋಷ್ಟಕ ಹಾಕಸ್ರಿ: ವಸ್ತು, ದ್ರವ್ಯರಾಶಿ, ವೇಗ, ಪೂರ್ವದಿಂದ ಕೋನ, ಪೂರ್ವದ ಪಾಲು, ಉತ್ತರದ ಪಾಲು. ಆಟೊ 6000, 0. ಟೆಂಪೊ ಪೂರ್ವಕ್ಕ 8000 × ಕಾಸ್ 60 = 4000, ಉತ್ತರಕ್ಕ 8000 × ಸೈನ್ 60 = 6928. ಕೂಡಿಸಿದ್ರ 10000, 6928. ವರ್ಗ ಕೂಡಿಸಿ ಮೂಲ ತಗೀರಿ: 12166, ಕೋನ 34.7 ಡಿಗ್ರಿ.
ನಾಲ್ಕನೇ ಕಾಲಂ ಬಿಟ್ರ ಎಲ್ಲಾ ಕೆಟ್ಟಂಗ. ಪ್ರಶ್ನೆಯಾಗ 30 ಕಂಡಿದ್ದೇ ತಡ, ಕಾಸ್ 30 ಹಾಕಿ 13533, 17.2 ಡಿಗ್ರಿ ಬರದು ಕೂಡ್ತಾರ. ಪಶ್ಚಿಮ, ದಕ್ಷಿಣಕ್ಕ ಮೈನಸ್ ಕಡ್ಡಾಯ. ಪೂರ್ವದ ಮೊತ್ತ –3000, ಉತ್ತರದ್ದು 4000 ಬಂದಾಗ ಕ್ಯಾಲ್ಕುಲೇಟರ್ –53.1 ತೋರಸ್ತದ. ಖರೆ ಕೋನ 126.9.

ಬೀದರ್
13533 ಬರದ ಹುಡುಗಗ ಅದು ತಪ್ಪಂತ ಹೇಳೋರು ಯಾರ್ರಿ? ನಿಮ್ಮ ಕೋಷ್ಟಕ ಹೇಳಂಗಿಲ್ಲ. ಪಕ್ಕದಾಗ ಒಂದು ಒರಟು ಚಿತ್ರ ಇದ್ರ, ಬಾಣ 35 ಡಿಗ್ರಿ ಕಡೆ ಏರಬೇಕಾಗಿತ್ತು, 17ಕ್ಕ ಮಲಗ್ಯದಲ್ಲ ಅಂತ ಅವನಿಗೇ ಕಾಣ್ತದ.

ಸೇಡಂ
ಒರಟು ಚಿತ್ರ ಬ್ಯಾಡ ಅಂತ ನಾನು ಎಲ್ಲಿ ಅಂದೀನ್ರಿ? ಚಿತ್ರನೇ ಉತ್ತರ ಅನ್ನೋದು ಬ್ಯಾಡ ಅಂದೆ.

ಕಲಬುರಗಿ, ಸಿಇಟಿ ತರಬೇತಿ
ಇಬ್ಬರೂ ಸಮಯದ ಮಾತೇ ಎತ್ತಲಿಲ್ಲ. ಸಿಇಟಿ ಭೌತಶಾಸ್ತ್ರದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಅಲ್ಲಿ ಗ್ರಾಫೂ ಇಲ್ಲ, ಆರು ಕಾಲಂ ಕೋಷ್ಟಕವೂ ಇಲ್ಲ. ಸಾವಿರವನ್ನು ಹೊರಗೆ ತೆಗೆದು ಸೂತ್ರ ಹಾಕಿಸಿ: 36 + 64 + 2×6×8×½ = 148 (½ ಅಂದರೆ ಕಾಸ್ 60). ಇದರ ವರ್ಗಮೂಲ ಬೇಕು. 12ರ ವರ್ಗ 144, ಹಾಗಾಗಿ ಉತ್ತರ 12ಕ್ಕಿಂತ ತುಸು ಹೆಚ್ಚು. ಆಯ್ಕೆ ಗುರುತಿಸಿ ಮುಂದೆ ಹೋಗಬೇಕು.
ಒಂದೇ ಎಚ್ಚರಿಕೆ. ಗಣಿತದ ತರಗತಿಯಲ್ಲಿ ಕಲಿತ ತ್ರಿಕೋನದ ಕೊಸೈನ್ ನಿಯಮದಲ್ಲಿ ಮೈನಸ್ ಇದೆ, ಅದಕ್ಕೆ ಒಳಕೋನ 120 ಹಾಕಬೇಕು. 60 ಹಾಕಿದರೆ 7211 ಬರುತ್ತದೆ. ಬೀದರ್ ಸರ್ ಹೇಳಿದ 7.2 ಸೆಂಮೀ ಕೂಡ ಇದೇ ತಪ್ಪು.
ನಿಂತ ವಸ್ತು 1:1:3 ದ್ರವ್ಯರಾಶಿಯ ಮೂರು ಚೂರಾಗಿ ಸಿಡಿಯುವ ಪ್ರಶ್ನೆಯನ್ನೂ ಮಾಡಿಸಿ. ಸಣ್ಣ ಚೂರುಗಳು ಒಂದಕ್ಕೊಂದು ಲಂಬವಾಗಿ 30 ಮೀ/ಸೆ ಹಾರಿದರೆ ದೊಡ್ಡದು 10√2 ಮೀ/ಸೆ, ಅವೆರಡರ ಸಂವೇಗದ ಮೊತ್ತಕ್ಕೆ ನೇರ ಎದುರು ದಿಕ್ಕಿಗೆ.

ಸೇಡಂ
ದಿಕ್ಕು ಎಲ್ಲಿ ಹೋಯ್ತು ಸರ್? √148 ಅನ್ನೋದು ಬರೇ ಪರಿಮಾಣ. ಅರ್ಧ ಉತ್ತರ ಕೊಟ್ಟು ಇದೇ ಸದಿಶ (ಪರಿಮಾಣ, ದಿಕ್ಕು ಎರಡೂ ಇರೋದು) ಅಂತ ಹೇಳಿದ್ರ ಮೂರನೇ ವಸ್ತು ಬಂದ ದಿನ ಹುಡುಗ ನಿಂತಲ್ಲೇ ನಿಲ್ತಾನ.

ಯಾದಗಿರಿ
ಎಲ್ಲಾರೂ ಹಾಳಿ ಮ್ಯಾಲೇ ಜಗಳ ಹಚ್ಚೀರಿ. ಕೇರಂ ಬೋರ್ಡ್ ತರಸ್ರಿ, ಡಿಕ್ಕಿ ಮಾಡಿಸಿ ವೀಡಿಯೊ ತಗೀರಿ. ಫೋನ್ ಮ್ಯಾಲಿಂದ ನೆಟ್ಟಗ ಹಿಡೀರಿ, ವಾಲಿದ್ರ ಆಚಿ ಕಡೆ ದೂರ ಕಡಿಮಿ ಬೀಳ್ತದ. ಬೋರ್ಡ್ ಮ್ಯಾಲೆ ಒಂದು ಸ್ಕೇಲ್ ಇಡ್ರಿ. ಸೆಕೆಂಡಿಗೆ 240 ಫ್ರೇಮಿನ ವೀಡಿಯೊದಾಗ 24 ಫ್ರೇಮ್ ಅಂದ್ರ 0.1 ಸೆಕೆಂಡ್, ಸರಿದ ದೂರ ಅಳದ್ರ ವೇಗ ಸಿಕ್ತು.
ಕಾಯಿಗೆ ಕಾಯಿ ಓರೆಯಾಗಿ ಹೊಡದ್ರ ಎರಡೂ 90 ಡಿಗ್ರಿ ಸನಿಹ ಬಿಚ್ಕೋತಾವ, ತುಸು ಕಡಿಮಿನೇ ಬರ್ತದ. ಸ್ಟ್ರೈಕರ್‌ನಿಂದ ಹೊಡದು 90 ಬರವಲ್ದು ಅನ್ನಬ್ಯಾಡ್ರಿ. ಸ್ಟ್ರೈಕರ್ 15 ಗ್ರಾಂ, ಕಾಯಿ ಸುಮಾರು 5 ಗ್ರಾಂ. ನಿಂತ ಕಾಯಿಗೆ ಬಡದ ಸ್ಟ್ರೈಕರ್ 19.5 ಡಿಗ್ರಿಗಿಂತ ಹೆಚ್ಚು ತಿರುಗಂಗೇ ಇಲ್ಲ.

ಹುಮನಾಬಾದ್
ಆಟೊ ಟೆಂಪೊ ಲೆಕ್ಕಾನೇ ಪೊಳ್ಳು. ಡಿಕ್ಕಿ ಹೊಡದು ಅಂಟ್ಕೊಂಡವು ಅನ್ರಿ, 12166ನ್ನ 2600ರಿಂದ ಭಾಗಿಸಿ 4.68 ಮೀ/ಸೆ ಬರೀತೀರಿ. ರಸ್ತೆ ಘರ್ಷಣೆ ಎಲ್ಲಿ? ಗುಣಾಂಕ 0.7 ಹಿಡದು ಗಾಲಿ ಎಲ್ಲಾ ಜಾರಿದ್ರ ಬಲ ಸುಮಾರು 17800 ನ್ಯೂಟನ್. ಡಿಕ್ಕಿ 0.1 ಸೆಕೆಂಡ್ ನಡದ್ರ ಸಂವೇಗದಾಗ 1780 ಅಲ್ಲೇ ಹೋಯ್ತು, ನೂರಕ್ಕ ಹದಿನೈದರ ಹತ್ರ. ಅದನ್ನ ಮುಚ್ಚಿಟ್ಟು ಸಂವೇಗ ಉಳೀತದ ಅಂತ ಹೇಳಬ್ಯಾಡ್ರಿ.

ಬೀದರ್
ಪ್ರಶ್ನೆ ಓದ್ರೀ. ಅವರು ಕೇಳಿದ್ದು ಡಿಕ್ಕಿಗಿಂತ ಮೊದಲಿನ ಮೊತ್ತ. ಉಳೀತದೋ ಇಲ್ಲೋ ಬ್ಯಾರೆ ಮಾತು, ಕೂಡಿಸೋದು ಬ್ಯಾರೆ ಮಾತು. ಘರ್ಷಣೆ ಇದ್ರೂ ಆ ಕ್ಷಣದ ಮೊತ್ತ 12166ನೇ.

ಹುಮನಾಬಾದ್
ಹಂಗಂದ್ರ ಲೆಕ್ಕದಾಗ ‘ಡಿಕ್ಕಿಗೆ ಮೊದಲು’ ಅಂತ ಬರದು ಕೊಡಾಕ ಹೇಳ್ರಿ ಚಿತ್ತಾಪುರದ ಸರ್‌ಗೆ. ಆ ಸಾಲು ಇಲ್ದಾಗ ಮುಂದಿನ ಪ್ರಶ್ನೆಯಾಗ ಹುಡುಗ 4.68 ಬರದೇ ಬರೀತಾನ.