ಸಹಾಯ ಬೇಕು: ಬೀಗಲ್ ತರಲಾ, ಕಾಕರ್ ಸ್ಪ್ಯಾನಿಯಲ್ ತರಲಾ?

ನಮಸ್ಕಾರ. ಯಾವ ಮರಿ ತರಬೇಕು ಅಂತ ಒಂದು ತಿಂಗಳಿಂದ ಮನೆಯಲ್ಲಿ ವಾದ ನಡೀತಿದೆ. ಎರಡೂ ಬೇಟೆ ನಾಯಿಗಳೇ. ಬೀಗಲ್ ಮೊಲದ ವಾಸನೆ ಹಿಡಿದು ಓಡಲೆಂದೇ ಬೆಳೆಸಿದ ತಳಿ. ಮೂಗಿಗೆ ಏನಾದರೂ ಸಿಕ್ಕಿದರೆ ಕರೆದರೂ ತಿರುಗಿ ನೋಡಲ್ಲವಂತೆ, ಊಳಿಡುವುದೂ ಜಾಸ್ತಿ. ನಮಗೂ ಪಕ್ಕದವರಿಗೂ ನಡುವೆ ಇರುವುದು ಒಂದೇ ಗೋಡೆ!

ಕಾಕರ್ ಪೊದೆಯಿಂದ ಹಕ್ಕಿ ಎಬ್ಬಿಸುವ ನಾಯಿ. ಮಾತು ಕೇಳುತ್ತದೆ. ಆದರೆ ಕೂದಲು ಆಗಾಗ ಬಾಚಬೇಕು, ಜೋತುಬಿದ್ದ ಕಿವಿಗೆ ಸೋಂಕು ಬೇಗ.

ಮನೆಯಲ್ಲಿ 6 ವರ್ಷದ ಮಗಳಿದ್ದಾಳೆ. ಹಗಲು ಮಂಡಿನೋವಿನ ಅತ್ತೆ ಒಬ್ಬರೇ. ದಿನಾ 1 ಗಂಟೆ ನಾನು ವಾಕಿಂಗ್ ಮಾಡಿಸಬಲ್ಲೆ. ಸಾಕಿದವರು ಹೇಳಿ, ಬೀಗಲ್‌ನ ಊಳು ತರಬೇತಿಯಿಂದ ತಗ್ಗುತ್ತದಾ? ನನ್ನ ಮನಸ್ಸು ಕಾಕರ್ ಕಡೆ, ಮಗಳದ್ದು ಬೀಗಲ್ ಕಡೆ.